ಗಸ್ತು ಅಂದರೆ ನಡೆಯೋದು, ಆಮೇಲೆ ಬರೆಯೋದು

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಹುಡುಗ ಕಳೆದ ತಿಂಗಳು ಲಿಫ್ಟಿನಲ್ಲಿ ಸಿಕ್ಕಿದ. "ಅಂಕಲ್, ಐಟಿ ಸಾಕಾಗಿದೆ. ಫಾರೆಸ್ಟ್ ಡಿಪಾರ್ಟ್‌ಮೆಂಟ್ ಸೇರೋಣ ಅಂತಿದೀನಿ. ಪ್ರಾಣಿಗಳು ಅಂದ್ರೆ ನಂಗೆ ಪ್ರಾಣ" ಅಂದ.

"ದಿನಕ್ಕೆ ಎಷ್ಟು ನಡೀತೀಯಪ್ಪಾ?" ಅಂತ ಕೇಳಿದೆ.

ಮೊಬೈಲ್ ತೆಗೆದು ತೋರಿಸಿದ. ಹಿಂದಿನ ದಿನ 3,200 ಹೆಜ್ಜೆ.

"ಕನ್ನಡದಲ್ಲಿ ಬರೀತೀಯಾ?"

"ಬರೆದು ಎಷ್ಟು ವರ್ಷ ಆಯ್ತೋ ಅಂಕಲ್" ಅಂತ ನಕ್ಕ. ಇದನ್ನ ಯಾಕೆ ಕೇಳುತ್ತಿದ್ದಾರೆ ಅಂತ ಅವನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವನ ಮಹಡಿ ಬಂತು.

ನಾನು 34 ವರ್ಷ ಅರಣ್ಯ ಇಲಾಖೆಯಲ್ಲಿದ್ದೆ. ಗಾರ್ಡ್ ಆಗಿ ಸೇರಿ ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾದೆ. ಮೊದಲು ಕೊಳ್ಳೇಗಾಲ, ಹನೂರು ಕಡೆ. ಆಮೇಲೆ ಬನ್ನೇರುಘಟ್ಟ. ಕೊನೆಯ ವರ್ಷಗಳು ಬೆಂಗಳೂರಿನ ಸುತ್ತಮುತ್ತ. ಆ ಹುಡುಗನಿಗೆ ಲಿಫ್ಟಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹುದ್ದೆಗಳ ವಿಷಯ, ಬೇಗ ಮುಗಿಸುತ್ತೇನೆ. ಒಂದು ವಲಯವನ್ನು ಶಾಖೆಗಳಾಗಿ, ಶಾಖೆಯನ್ನು ಗಸ್ತುಗಳಾಗಿ, ಅಂದರೆ ಬೀಟ್‌ಗಳಾಗಿ ಹಂಚಿರುತ್ತಾರೆ. ವಲಯಕ್ಕೆ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ), ಶಾಖೆಗೆ ಉಪ ವಲಯ ಅರಣ್ಯಾಧಿಕಾರಿ (ಡಿಆರ್‌ಎಫ್‌ಒ), ಗಸ್ತಿಗೆ ಗಾರ್ಡ್. ಗಾರ್ಡ್ ಹುದ್ದೆಗೆ ಈಗ ಗಸ್ತು ಅರಣ್ಯ ಪಾಲಕ ಅಂತ ಹೆಸರು. ಅವರ ಕೆಳಗೆ ಅರಣ್ಯ ವೀಕ್ಷಕರು, ಅಂದರೆ ವಾಚರ್‌ಗಳು. ಅವರಿಗೂ ಕೆಳಗೆ ದಿನಗೂಲಿ ಮತ್ತು ಹೊರಗುತ್ತಿಗೆಯವರು. ಮೇಲಕ್ಕೆ ಹೋದರೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ (ಎಸಿಎಫ್), ಉಪ ಅರಣ್ಯ ಸಂರಕ್ಷಣಾಧಿಕಾರಿ (ಡಿಸಿಎಫ್) ಅಂತ ಮಲ್ಲೇಶ್ವರದ ಅರಣ್ಯ ಭವನದವರೆಗೆ ಮೆಟ್ಟಿಲಿದೆ. ನಮ್ಮ ಕಾಲದಲ್ಲಿ ಗಾರ್ಡ್ ಆಗಲು ಎಸ್ಸೆಸ್ಸೆಲ್ಸಿ ಸಾಕಿತ್ತು. ಈಗ ಪಿಯುಸಿ ಬೇಕು. 2023ರ ಕೊನೆಯಲ್ಲಿ 540 ಗಾರ್ಡ್ ಹುದ್ದೆಗೆ ಅರ್ಜಿ ಕರೆದಾಗ ಡಿಗ್ರಿ ಮುಗಿಸಿದ ಎಷ್ಟೋ ಹುಡುಗರು ಫೋನ್ ಮಾಡಿ ವಿಚಾರಿಸಿದರು. ಅರಣ್ಯಶಾಸ್ತ್ರವನ್ನೇ ಓದಬೇಕು ಅನ್ನುವವರಿಗೆ ಶಿರಸಿ, ಪೊನ್ನಂಪೇಟೆಯಲ್ಲಿ ಕಾಲೇಜುಗಳಿವೆ. ಆ ಡಿಗ್ರಿ ಇದ್ದರೆ ಆರ್‌ಎಫ್‌ಒ ನೇಮಕದಲ್ಲಿ ಅನುಕೂಲ. ಇನ್ನೂ ಮೇಲಿನದು ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆ. ಅದು ಯುಪಿಎಸ್‌ಸಿ ಪರೀಕ್ಷೆ, ತರಬೇತಿ ಡೆಹ್ರಾಡೂನಿನಲ್ಲಿ. (ಐಎಫ್‌ಎಸ್ ಅಂದ ಕೂಡಲೇ "ಯಾವ ದೇಶಕ್ಕೆ ಪೋಸ್ಟಿಂಗ್?" ಅಂತ ಕೇಳುವ ನೆಂಟರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅದು ಬೇರೆ ಐಎಫ್‌ಎಸ್, ವಿದೇಶಾಂಗ ಸೇವೆ.)

ಮೆಟ್ಟಿಲು ಎಷ್ಟೇ ಎತ್ತರ ಇರಲಿ, ನಡೆಯೋದು ತಪ್ಪಲ್ಲ. ಐಎಫ್‌ಎಸ್ ಪಾಸಾದ ಗಂಡಸರು ಕೂಡ 4 ಗಂಟೆಯಲ್ಲಿ 25 ಕಿಲೋಮೀಟರ್ ನಡೆದು ತೋರಿಸಬೇಕು. ಹೆಂಗಸರಿಗೆ 14 ಕಿಲೋಮೀಟರ್. ಓಡುವವರು ಇದನ್ನ ಕೇಳಿ ನಗುತ್ತಾರೆ. ಅಷ್ಟು ಹೊತ್ತು ಒಂದೇ ವೇಗದಲ್ಲಿ ನಡೆದು ನೋಡಿದರೆ ಗೊತ್ತಾಗುತ್ತದೆ, ಮೊದಲು ಸೋಲೋದು ಉಸಿರಲ್ಲ, ಹಿಮ್ಮಡಿ.

ನಾನು ಸೇರಿದ ಹೊಸತರಲ್ಲಿ ನನ್ನ ಜೊತೆ ಒಬ್ಬ ಸೋಲಿಗರ ವಾಚರ್ ಇದ್ದರು. ನನ್ನ ಅಪ್ಪನ ವಯಸ್ಸು. ಒಂದು ದಿನ ದಾರಿಯಲ್ಲಿ ಆನೆ ಲದ್ದಿ ಕಂಡಿತು. ನಾನು ದಾಟಿ ಹೊರಟೆ. ಅವರು ತೋಳು ಹಿಡಿದು ನಿಲ್ಲಿಸಿದರು. "ಮುಟ್ ನೋಡಿ ಬುದ್ದಿ" ಅಂದರು. ಮುಟ್ಟಿದೆ. ಒಳಗೆ ಬಿಸಿ ಇತ್ತು. ಅವರು ಒಂದು ಚಿಟಿಕೆ ಮಣ್ಣು ತೆಗೆದು ಗಾಳಿಗೆ ಬಿಟ್ಟರು. ಗಾಳಿ ನಮ್ಮ ಬೆನ್ನಿನಿಂದ ಮುಂದಕ್ಕೆ ಹೋಗುತ್ತಿತ್ತು. ಅಂದರೆ ನಮ್ಮ ವಾಸನೆ ನಮಗಿಂತ ಮೊದಲೇ ಆನೆಗೆ ಮುಟ್ಟಿರುತ್ತದೆ. ಮಾತಾಡದೆ ವಾಪಸ್ ಬಂದು ಬೇರೆ ದಾರಿ ಹಿಡಿದೆವು. ತರಬೇತಿಯಲ್ಲಿ ಹೇಳಿಕೊಟ್ಟದ್ದು ಜಾಸ್ತಿ ನೆನಪಿಲ್ಲ. ಆ ಬಿಸಿ ಇವತ್ತಿಗೂ ಬೆರಳಲ್ಲಿದೆ. ಅಷ್ಟು ಗೊತ್ತಿದ್ದ ಮನುಷ್ಯ ಸತ್ತದ್ದು ದಿನಗೂಲಿ ವಾಚರ್ ಆಗಿಯೇ. ನನ್ನನ್ನ 'ಬುದ್ದಿ' ಅಂತ ಕರೆಯೋದನ್ನೂ ಬಿಡಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ.

ಈಗಲೂ ಕಾಡು ಕಾಯುವವರಲ್ಲಿ ಇಂಥವರೇ ಬಹಳ. ಕಳ್ಳಬೇಟೆ ತಡೆ ಶಿಬಿರದಲ್ಲಿ ದಿನಗಟ್ಟಲೆ ಉಳಿದು, ಅಲ್ಲೇ ಅಡುಗೆ ಮಾಡಿಕೊಂಡು, ಬೆಳಗ್ಗೆ ಸಂಜೆ ಗಸ್ತು ತಿರುಗುವವರು. ಗುತ್ತಿಗೆದಾರ ಸಂಬಳ ತಡ ಮಾಡಿದರೆ ಊರಿನಲ್ಲಿ ಹೆಂಡತಿ ಅಂಗಡಿಯವನ ಮುಂದೆ ತಲೆ ತಗ್ಗಿಸಬೇಕು. ಹುಲಿ ಗಣತಿ ಬಂದಾಗ ಗೆರೆ ಹಿಡಿದಂತೆ ನಡೆದು ಹೆಜ್ಜೆ, ಹಿಕ್ಕೆ ಹುಡುಕೋದು, ಕ್ಯಾಮೆರಾ ಕಟ್ಟೋದು ಇವರ ಕೆಲಸವೇ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ ಅಂತ ಬಂತು. ಆ ಲೆಕ್ಕದ ಹಿಂದೆ ಎಷ್ಟು ಜೊತೆ ಕ್ಯಾನ್ವಾಸ್ ಶೂ ಸವೆದಿವೆ ಅಂತ ಯಾರೂ ಎಣಿಸಲಿಲ್ಲ.

ಅಪಾಯ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 1991ರ ನವೆಂಬರ್ 10ರಂದು ಡಿಸಿಎಫ್ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ. ಆಗ ನಾನು ಸೇರಿ ಮೂರು ವರ್ಷ. ಅಮ್ಮ ಕೆಲಸ ಬಿಡು ಅಂತ ಊಟ ಬಿಟ್ಟು ಕೂತಿದ್ದರು. ಶ್ರೀನಿವಾಸ್ ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲಿ ಊರವರಿಗೆ ಮಾರಮ್ಮನ ಗುಡಿ ಕಟ್ಟಿಸಿಕೊಟ್ಟವರು. ಕೋವಿಯಷ್ಟೇ ಮಾತನ್ನೂ ನಂಬಿದ್ದ ಅಧಿಕಾರಿ. ಈಗ ಆ ಕಾಲ ಹೋಯಿತು. ಆದರೆ ಆನೆ ಇದೆ. 2018ರಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಮಣಿಕಂಡನ್ ಅವರೇ ಆನೆ ದಾಳಿಯಲ್ಲಿ ತೀರಿಕೊಂಡರು. ಮಲೆನಾಡಿನಲ್ಲಿ ಕೆಲಸ ಬಿದ್ದರೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಿನ ಸ್ನಾನ. ಹೊಸ ಹುಡುಗರು ಇದನ್ನ ಅಜ್ಜಿ ಮಾತು ಅಂದುಕೊಳ್ಳುತ್ತಾರೆ.

ಬೇಸಿಗೆ ಅಂದರೆ ಬೆಂಕಿ. ಜನವರಿಯಲ್ಲೇ ಫೈರ್ ಲೈನ್ ಕೆಲಸ ಶುರು, ಅಂದರೆ ಬೆಂಕಿ ತಡೆಯೋಕೆ ಕಾಡಿನ ನಡುವೆ ಒಂದು ಪಟ್ಟಿ ಬರಿದು ಮಾಡೋದು. ಹುಲ್ಲು ಕೊಯ್ದು, ಒಣಗಿಸಿ, ಇಬ್ಬನಿ ಆರುವ ಮೊದಲು ಕಾವಲಿಟ್ಟು ಸುಡಬೇಕು. ಆ ಪಟ್ಟಿಯಷ್ಟು ಜಾಗ ಬರಿದಾದರೆ ಬೆಂಕಿ ಈ ಕಡೆಯಿಂದ ಆ ಕಡೆ ದಾಟಲ್ಲ. ದಾಟಲ್ಲ ಅಂತ ನಂಬಿಕೆ ಅಷ್ಟೆ, ಗಾಳಿ ಎದ್ದರೆ ಎಲ್ಲ ದಾಟುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದು ನೆನಪಿದೆಯಲ್ವಾ? ಈಗ ಉಪಗ್ರಹ ನೋಡಿ ಮೊಬೈಲಿಗೆ ಮೆಸೇಜ್ ಬರುತ್ತದೆ. ಮೆಸೇಜ್ ಬಂದ ಮೇಲೆ ಮಾಡೋದು ಹಳೆಯ ಕೆಲಸವೇ. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯೋದು. ಲಂಟಾನ ಬೆಳೆದ ಕಡೆ ಹತ್ತಿರ ಹೋಗೋಕೇ ಆಗಲ್ಲ. ಬಿದಿರು ಉಜ್ಜಿ ಬೆಂಕಿ ಹತ್ತಿತು ಅಂತ ಜನ ಹೇಳುತ್ತಾರೆ. ನಾನು 34 ವರ್ಷದಲ್ಲಿ ಒಂದೂ ನೋಡಿಲ್ಲ. ನೋಡಿದ್ದು ಬೀಡಿ, ದನ ಕಾಯುವವರ ಕಡ್ಡಿಪೆಟ್ಟಿಗೆ, ಮತ್ತೆ ಇಲಾಖೆ ಮೇಲಿನ ಸಿಟ್ಟು. ಮೂರನೆಯದನ್ನ ಸೊಪ್ಪಿನಿಂದ ಆರಿಸೋಕೆ ಆಗಲ್ಲ. ಊರಿಗೆ ಹೋಗಿ ಜಗಲಿ ಮೇಲೆ ಕೂತು ಕಾಫಿ ಕುಡಿದು ಮಾತಾಡಬೇಕು.

ಮಳೆಗಾಲಕ್ಕೆ ಗಿಡ ನೆಡೋದು. ಅದರ ಕೆಲಸ ನರ್ಸರಿಯಲ್ಲಿ ತಿಂಗಳುಗಟ್ಟಲೆ ಮೊದಲೇ ಶುರುವಾಗಿರುತ್ತದೆ. ಇದರ ಬಗ್ಗೆ ಯಾರೂ ಕೇಳಲ್ಲ, ನನಗೆ ಇಷ್ಟದ ಕೆಲಸ ಇದೇ. ಒಂದೊಂದು ಬೀಜಕ್ಕೆ ಒಂದೊಂದು ಸ್ವಭಾವ. ಬೇವಿನ ಬೀಜ ಬಿದ್ದ ಎರಡು ಮೂರು ವಾರದೊಳಗೆ ಬಿತ್ತದಿದ್ದರೆ ಸತ್ತ ಹಾಗೆ. ತೇಗಕ್ಕೆ ಅವಸರ ಆಗಲ್ಲ, ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿ ಬುದ್ಧಿ ಕಲಿಸಬೇಕು. ಶ್ರೀಗಂಧ ಒಂಟಿಯಾಗಿ ಬೆಳೆಯಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಊಟ ಕದಿಯುತ್ತದೆ. ಅದಕ್ಕೇ ಚೀಲದಲ್ಲೇ ಪಕ್ಕಕ್ಕೊಂದು ತೊಗರಿ ಹಾಕುತ್ತೇವೆ. ಚೀಲ ತುಂಬೋದು, ಕಳೆ ಕೀಳೋದು ಹೆಚ್ಚಾಗಿ ಹೆಂಗಸರ ಕೆಲಸ. ಸಸಿಗಳನ್ನು ಆಗಾಗ ಎತ್ತಿ ಜಾಗ ಬದಲಿಸಬೇಕು. ಇಲ್ಲದಿದ್ದರೆ ಬೇರು ಚೀಲ ಹರಿದು ನೆಲಕ್ಕೆ ಇಳಿಯುತ್ತದೆ. ಆಮೇಲೆ ಎಳೆದರೆ ಬೇರು ಕಿತ್ತು ಗಿಡ ಸಾಯುತ್ತದೆ. ಒಮ್ಮೆ ನಾನು ಇದನ್ನ ಹೊಸ ಹುಡುಗನಿಗೆ ವಿವರಿಸುತ್ತಿದ್ದೆ. ಕಳೆ ಕೀಳುತ್ತಿದ್ದ ಒಬ್ಬ ಅಕ್ಕ ತಲೆ ಎತ್ತದೆ, "ಹೆಣ್ಣುಮಕ್ಕಳನ್ನ ಕೊಟ್ಟ ಹಾಗೆ ಸಾರ್, ಬೇರು ಇಳಿಯೋಕೆ ಮುಂಚೆ ಎತ್ತಬೇಕು" ಅಂದರು. ನನ್ನ ಪಾಠ ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ರಸ್ತೆಗಳಲ್ಲಿ ಇವತ್ತು ನೆರಳಿದ್ದರೆ ಅದರಲ್ಲಿ ದೊಡ್ಡ ಪಾಲು ಇಂಥ ಕೆಲಸದ್ದು. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ ಎಂಬ ಐಎಫ್‌ಎಸ್ ಅಧಿಕಾರಿ ಈ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು.

ಊರಿನ ಹತ್ತಿರದ ಕಾಡು ಬೇರೆಯೇ ಥರ. ಬನ್ನೇರುಘಟ್ಟದಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ಆನೆಗಳು ಆನೇಕಲ್, ರಾಮನಗರ ಕಡೆಯ ಹೊಲಕ್ಕೆ ಇಳಿಯುತ್ತವೆ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆ ಎಲ್ಲ ಇದ್ದರೂ ಒಂದು ಸಂದು ಸಿಕ್ಕರೆ ಸಾಕು. ರಾತ್ರಿಯೆಲ್ಲ ಟಾರ್ಚು, ಪಟಾಕಿ. ಬೆಳಗ್ಗೆ ರೈತರ ಬೈಗುಳ, ಜೊತೆಗೆ ಪರಿಹಾರದ ಅರ್ಜಿ. ಚಿರತೆ ಊರಿಗೆ ಬಂದರೆ ಇನ್ನೊಂದು ತಲೆನೋವು. 2016ರ ಫೆಬ್ರುವರಿಯಲ್ಲಿ ನಗರದ ಪೂರ್ವದ ಒಂದು ಶಾಲೆಗೆ ಚಿರತೆ ನುಗ್ಗಿದಾಗ ಅರಿವಳಿಕೆ ಕೊಟ್ಟು ಹಿಡಿಯುವಷ್ಟರಲ್ಲಿ ರಾತ್ರಿಯಾಗಿತ್ತು. ಹಲವರಿಗೆ ಗಾಯವಾಗಿತ್ತು. ಟಿವಿಯಲ್ಲಿ ಕಾಣೋದು ಡಾರ್ಟ್ ಹೊಡೆಯುವ ಡಾಕ್ಟರು. ಗಾರ್ಡ್ ಕೆಲಸ ಬಲೆ ಹಿಡಿಯೋದು, ಅದಕ್ಕಿಂತ ಹೆಚ್ಚಾಗಿ ವಿಡಿಯೋ ಮಾಡೋಕೆ ಬಂದವರನ್ನ ಹಿಡಿಯೋದು. ನಗರದ ಅಂಚಿನ ತುರಹಳ್ಳಿ ಕಾಡಿನಂಥ ಕಡೆ ಪ್ರಾಣಿಗಿಂತ ಗಡಿ ಕಲ್ಲಿನ ಕೆಲಸವೇ ಜಾಸ್ತಿ. ರಾತ್ರಿ ಕಲ್ಲು ಹತ್ತು ಅಡಿ ಒಳಗೆ ನಡೆದುಕೊಂಡು ಬಂದಿರುತ್ತದೆ. ನಕ್ಷೆ, ಸರ್ವೆ ನಂಬರ್, ಅರಣ್ಯ ಕಾಯ್ದೆಯ 4ನೇ ಕಲಮಿನ ಮೊದಲ ಅಧಿಸೂಚನೆಯೋ 17ನೆಯದರ ಅಂತಿಮ ಅಧಿಸೂಚನೆಯೋ, ಇಷ್ಟು ಗೊತ್ತಿಲ್ಲದವನ ಮೈಮೇಲೆ ಖಾಕಿ ಇದ್ದೂ ಇಲ್ಲದ ಹಾಗೆ.

ಈಗ ಬರವಣಿಗೆ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು.

ನಗರದ ಹೊರಗೆ ಒಂದು ತೋಪಿನಲ್ಲಿ ಇಬ್ಬರು ಶ್ರೀಗಂಧ ಕಡಿದು ಚೀಲಕ್ಕೆ ತುಂಬುವಾಗ ಸಿಕ್ಕಿಬಿದ್ದರು. ಬೆಳಗಿನ ಜಾವ ಮೂರು ಗಂಟೆ. ಸಾಕ್ಷಿಗೆ ಇಬ್ಬರು ಪಂಚರನ್ನ ಎಬ್ಬಿಸಿ ಕರೆತಂದೆ. ಹತ್ತಿರದ ಅಂಗಡಿಯ ತಕ್ಕಡಿ ತರಿಸಿ ತೂಗಿದೆ. 18.5 ಕೆಜಿ. ಮಹಜರ್ ಬರೆದು ಸಹಿ ಹಾಕಿಸಿ, ಸೀಲ್ ಮಾಡಿ, ಹೆಮ್ಮೆಯಿಂದ ಮನೆಗೆ ಹೋಗಿ ಮಲಗಿದೆ. ಮೂರು ತಿಂಗಳಾದ ಮೇಲೆ ಡಿಪೋದಲ್ಲಿ ತೂಗಿದರೆ 15.9. ಹಸಿ ಮರ ಒಣಗಿದರೆ ತೂಕ ಇಳಿಯುತ್ತದೆ ಅಂತ ಮರ ಕಡಿದ ಯಾರಿಗಾದರೂ ಗೊತ್ತು. ನಾನು ಮಹಜರಿನಲ್ಲಿ 'ಹಸಿ' ಅನ್ನುವ ಎರಡಕ್ಷರ ಬರೆದಿರಲಿಲ್ಲ. ತೊಗಟೆ ಇತ್ತೋ, ಹೊರಗಿನ ಬಿಳಿ ಮರ ಕೆತ್ತಿ ಒಳಗಿನ ಚೇಗು ಮಾತ್ರ ಇತ್ತೋ, ಅದೂ ಇಲ್ಲ. ಎಷ್ಟು ತುಂಡು, ಒಂದೊಂದರ ಉದ್ದ ಸುತ್ತಳತೆ ಎಷ್ಟು, ಅದೂ ಇಲ್ಲ. ಕೋರ್ಟಿನಲ್ಲಿ ಆ ಕಡೆಯ ವಕೀಲರು ಮೆಲ್ಲಗೆ ಕೇಳಿದರು, "ಉಳಿದ ಎರಡೂವರೆ ಕೆಜಿ ಯಾರ ಮನೆ ದೇವರ ಕೋಣೆಗೆ ಹೋಯ್ತು ಸಾರ್?" ಎಲ್ಲರೂ ನಕ್ಕರು. ಒಣಗಿದೆ ಅಂದೆ. "ಎಲ್ಲಿ ಬರೆದಿದ್ದೀರಿ, ತೋರಿಸಿ" ಅಂದರು. ತೋರಿಸೋಕೆ ಏನೂ ಇರಲಿಲ್ಲ. ಕೇಸ್ ಬಿದ್ದುಹೋಯಿತು. ಮುಂದಿನ ವರ್ಷ ಅದೇ ಇಬ್ಬರಲ್ಲಿ ಒಬ್ಬ ಬಸ್ ಸ್ಟಾಂಡಿನಲ್ಲಿ ಸಿಕ್ಕಿ ನಮಸ್ಕಾರ ಹಾಕಿದ.

ಅಂದಿನಿಂದ ನನ್ನ ಕೈಕೆಳಗಿನ ಪ್ರತಿ ಹುಡುಗನಿಗೂ ಒಂದೇ ಪಾಠ. ಕಂಡದ್ದನ್ನ ಕಂಡ ಜಾಗದಲ್ಲೇ, ಟೈಮ್ ಹಾಕಿ ಬರಿ. ಮರದ ಸುತ್ತಳತೆ ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆದದ್ದು, ಕಣ್ಣಳತೆ ಬೇಡ. ಗಸ್ತು ಪುಸ್ತಕವನ್ನ ವಾರದ ಕೊನೆಗೆ ಒಟ್ಟಿಗೆ ತುಂಬಿದರೆ ಏಳು ದಿನವೂ ಒಂದೇ ಪೆನ್ನು, ಒಂದೇ ಅಕ್ಷರ ಇರುತ್ತದೆ, ನೋಡಿದ ಕೂಡಲೇ ಸಿಕ್ಕಿಬೀಳುತ್ತೀಯ. ಈಗ ಆ್ಯಪ್ ಬಂದಿದೆ, ಜಿಪಿಎಸ್ ತಾನೇ ದಾರಿ ಬರೆಯುತ್ತದೆ. ನಿಜ. ಆದರೆ ಲದ್ದಿ ಬಿಸಿ ಇತ್ತಾ ಅಂತ ಅದು ಬರೆಯಲ್ಲ.

ಲಿಫ್ಟಿನ ಹುಡುಗ ಮತ್ತೆ ಸಿಕ್ಕಿದಾಗ ಅವನಿಗೆ ಒಂದು ಕೆಲಸ ಕೊಟ್ಟೆ. ಒಂದು ಭಾನುವಾರ ಬೆಳಗ್ಗೆ ಲಾಲ್‌ಬಾಗ್ ಹತ್ತಿರದಿಂದ ಬನ್ನೇರುಘಟ್ಟದ ಕಡೆ 4 ಗಂಟೆ ನಡಿ. ದಾರಿಯಲ್ಲಿ ಕಂಡದ್ದನ್ನ ಕನ್ನಡದಲ್ಲಿ ಒಂದು ಪುಟ ಬರೆದು ತಾ. ಪಾಪ, ನಡೆದ. 17 ಕಿಲೋಮೀಟರಿಗೆ ಎರಡೂ ಹಿಮ್ಮಡಿ ಬೊಬ್ಬೆ ಬಂದು ಆಟೋ ಹತ್ತಿದನಂತೆ. ಸಂಜೆ ಕುಂಟುತ್ತಾ ಬಂದು ಪುಟ ಕೊಟ್ಟ. ಹೊಂಗೆ ಮರ ಎಷ್ಟು, ಗುಲ್‌ಮೊಹರ್ ಎಷ್ಟು, ಎಲ್ಲಿ ಕೊಂಬೆ ಕಡಿದಿದ್ದಾರೆ, ಹದ್ದು ಎಲ್ಲಿ ಕೂತಿತ್ತು, ಎಲ್ಲ ಬರೆದಿದ್ದ. ಅಕ್ಷರ ವಕ್ರ, ಆದರೆ ಕಣ್ಣು ಚೆನ್ನಾಗಿದೆ.

"ಹೇಗಿದೆ ಅಂಕಲ್?" ಅಂದ.

"ಮುಂದಿನ ಸಲ ಶೂ ಒಂದು ಸೈಜ್ ದೊಡ್ಡದು ತಗೋ, ಎರಡು ಜೊತೆ ಸಾಕ್ಸ್ ಹಾಕು" ಅಂದೆ. "ಆಮೇಲೆ, ಹೊರಟ ಟೈಮ್ ಎಲ್ಲಿ ಬರೆದಿದ್ದೀಯ?"

ಪುಟ ತಿರುಗಿಸಿ ಹಿಂದೆ ಮುಂದೆ ಹುಡುಕಿದ.