ಮೂರು ನಕ್ಷತ್ರ, ಒಂದು ರಿಬ್ಬನ್

ಪೊಲೀಸರ ಹೆಗಲು ಕಂಡ ಕೂಡಲೇ ನಮ್ಮ ಜನ ನಕ್ಷತ್ರ ಎಣಿಸಲು ಶುರು ಮಾಡುತ್ತಾರೆ. ಜಾಸ್ತಿ ಇದ್ದರೆ ದೊಡ್ಡ ಸಾಹೇಬರು, ಕಡಿಮೆ ಇದ್ದರೆ ಚಿಕ್ಕವರು ಅಂತ ಲೆಕ್ಕ. ಈ ಲೆಕ್ಕ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಎಸ್‌ಪಿ ಹೆಗಲ ಮೇಲೆ ಒಂದೇ ನಕ್ಷತ್ರ, ಇನ್‌ಸ್ಪೆಕ್ಟರ್ ಹೆಗಲ ಮೇಲೆ ಮೂರು. ಹಾಗಂತ ಇನ್‌ಸ್ಪೆಕ್ಟರ್ ದೊಡ್ಡವರಾಗಿಬಿಡುತ್ತಾರಾ?

ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಆಗಿ ಇಲಾಖೆ ಸೇರಿ, ಡಿವೈಎಸ್‌ಪಿ (ಇನ್‌ಸ್ಪೆಕ್ಟರ್‌ಗಿಂತ ಮೇಲಿನ, ಎಸ್‌ಪಿಗಿಂತ ಕೆಳಗಿನ ದರ್ಜೆ) ಆಗಿ ನಿವೃತ್ತನಾದವನು ನಾನು. ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ. ನಕ್ಷತ್ರ ಆಮೇಲೆ ಎಣಿಸಿ. ಮೊದಲು ಹೆಗಲ ಪಟ್ಟಿಯಲ್ಲಿ ತೋಳಿನ ಕಡೆಯ ತುದಿ ನೋಡಿ. ಅಲ್ಲಿ ಕೆಂಪು-ನೀಲಿ ರಿಬ್ಬನ್ ಇದೆಯಾ, ಇಲ್ವಾ?

ರಿಬ್ಬನ್ ಜೊತೆ ಒಂದು ನಕ್ಷತ್ರ ಇದ್ದರೆ ಎಎಸ್‌ಐ (ಅಸಿಸ್ಟೆಂಟ್ ಸಬ್ ಇನ್‌ಸ್ಪೆಕ್ಟರ್), ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್‌ಸ್ಪೆಕ್ಟರ್. ಮೂರು ನಕ್ಷತ್ರ ಇದ್ದು ರಿಬ್ಬನ್ ಇಲ್ಲದಿದ್ದರೆ ಡಿವೈಎಸ್‌ಪಿ. ಕಮಿಷನರೇಟ್ ಇರುವ ಊರಿನಲ್ಲಿ ಅದೇ ದರ್ಜೆಯವರನ್ನು ಎಸಿಪಿ ಅನ್ನುತ್ತಾರೆ. ನನಗೆ ಬಡ್ತಿ ಸಿಕ್ಕಾಗ ಹೆಗಲ ಮೇಲೆ ಹೊಸದೇನೂ ಏರಲಿಲ್ಲ, ಇದ್ದ ರಿಬ್ಬನ್ ಕಳಚಿತು, ಅಷ್ಟೆ. "ಸ್ಟಾರ್ ಜಾಸ್ತಿ ಆಗ್ಲೇ ಇಲ್ವಲ್ಲ, ಇದೆಂಥಾ ಪ್ರಮೋಷನ್ನು?" ಅಂತ ನೆಂಟರೊಬ್ಬರು ಕೇಳಿಯೇಬಿಟ್ಟರು.

ಆ ಬಟ್ಟೆ ತುಂಡಿಗೆ ಕಾನೂನಿನಲ್ಲೂ ತೂಕ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯನ್ನೇ ತಗೊಳ್ಳಿ. 1995ರ ನಿಯಮಗಳ ಪ್ರಕಾರ ಈ ಪ್ರಕರಣಗಳ ತನಿಖಾಧಿಕಾರಿ ಡಿವೈಎಸ್‌ಪಿಗಿಂತ ಕೆಳಗಿನವರಾಗಿರಬಾರದು. ಠಾಣೆಯಲ್ಲಿ ಎಫ್‌ಐಆರ್ ಆಗುತ್ತದೆ, ಫೈಲು ಡಿವೈಎಸ್‌ಪಿ ಕಚೇರಿಗೆ ಹೋಗುತ್ತದೆ. "ಇನ್‌ಸ್ಪೆಕ್ಟರ್ ಕೇಸು ಸಾಗಹಾಕಿದ್ರು" ಅಂತ ದೂರು ಕೊಟ್ಟವರು ನನ್ನ ಮುಂದೆ ಕೂತು ಬೇಸರ ಮಾಡಿಕೊಂಡದ್ದುಂಟು. ಪಾಪ, ಆ ಇನ್‌ಸ್ಪೆಕ್ಟರ್ ನಿಯಮದ ಪ್ರಕಾರವೇ ನಡೆದುಕೊಂಡಿರುತ್ತಿದ್ದರು.

ಒಂದು ನಕ್ಷತ್ರದ ಕತೆ ಇನ್ನೂ ಮಜವಾಗಿದೆ. ಠಾಣೆಯ ಎಎಸ್‌ಐ ಅಂದರೆ ಸಾಮಾನ್ಯವಾಗಿ ಕಾನ್‌ಸ್ಟೆಬಲ್ ಆಗಿ ಸೇರಿ, ದಶಕಗಟ್ಟಲೆ ಬೀಟು, ಬಂದೋಬಸ್ತು, ಕೋರ್ಟು ಅಂತ ಅಲೆದು ಕೂದಲು ನೆರೆತವರು. ಅವರಿಗೆ ಒಂದು ನಕ್ಷತ್ರ. ತರಬೇತಿಯ ಮೊದಲ ವರ್ಷದಲ್ಲಿರುವ ಇಪ್ಪತ್ತರ ಹರೆಯದ ಐಪಿಎಸ್ ಪ್ರೊಬೇಷನರ್‌ಗೂ ಒಂದೇ ನಕ್ಷತ್ರ. ಎಎಸ್‌ಐಗೆ ರಿಬ್ಬನ್ ಇದೆ, ಪ್ರೊಬೇಷನರ್‌ಗೆ ಇಲ್ಲ. ಅನುಭವ ಯಾರದ್ದು ಹೆಚ್ಚು ಅಂತ ಹೆಗಲು ಹೇಳುವುದಿಲ್ಲ ಬಿಡಿ.

ಡಿವೈಎಸ್‌ಪಿ ದಾಟಿದ ಮೇಲೆ ಸಿಂಹದ ಲಾಂಛನ ಬರುತ್ತದೆ, ನಕ್ಷತ್ರದ ಎಣಿಕೆ ಮತ್ತೆ ಮೊದಲಿಂದ ಶುರು. ಬರೀ ಲಾಂಛನ ಇದ್ದರೆ ಅಡಿಷನಲ್ ಎಸ್‌ಪಿ, ಜೊತೆಗೊಂದು ನಕ್ಷತ್ರ ಇದ್ದರೆ ಎಸ್‌ಪಿ. ಸೆಲೆಕ್ಷನ್ ಗ್ರೇಡ್ ಎಸ್‌ಪಿಗೆ ಎರಡು, ಡಿಐಜಿಗೆ ಮೂರು. ಐಜಿಯಿಂದ ಮೇಲೆ ಕತ್ತಿ-ಬೇಟನ್ ಅಡ್ಡಡ್ಡ ಇರುತ್ತವೆ. ಐಜಿಗೆ ಅವುಗಳ ಮೇಲೆ ನಕ್ಷತ್ರ, ಎಡಿಜಿಪಿಗೆ ಸಿಂಹದ ಲಾಂಛನ. ಡಿಜಿಪಿಗೂ ಅದೇ ಲಾಂಛನ. ಅವರಿಬ್ಬರು ಅಕ್ಕಪಕ್ಕ ನಿಂತರೆ ಹೆಗಲು ನೋಡಿ ಯಾರು ಮೇಲಿನವರು ಅಂತ ನನಗೂ ಹೇಳಲಾಗುವುದಿಲ್ಲ.

ಕಮಿಷನರ್ ಅನ್ನುವುದು ಹುದ್ದೆ, ದರ್ಜೆ ಅಲ್ಲ. ಹಾಗಾಗಿ ಬೆಂಗಳೂರು ಕಮಿಷನರ್ ಹೆಗಲಿಗೂ ಬೇರೆ ನಗರದ ಕಮಿಷನರ್ ಹೆಗಲಿಗೂ ವ್ಯತ್ಯಾಸ ಇರಬಹುದು.

ಈ ಚಿಹ್ನೆಗಳೆಲ್ಲ ಬ್ರಿಟಿಷ್ ಸೇನೆಯ ಪದ್ಧತಿಯಿಂದ ಬಂದವು. ಈಗ ಸಿಂಹ ಇರುವ ಜಾಗದಲ್ಲಿ ಆಗ ಕಿರೀಟ ಇತ್ತು. 1950ರಲ್ಲಿ ನಾವು ಗಣರಾಜ್ಯವಾದಾಗ ಕಿರೀಟ ಇಳಿಯಿತು, ಸಾರನಾಥದ ಸಿಂಹ ಏರಿತು. ಸೇನೆಯಲ್ಲೂ ಇದೇ ಅಚ್ಚು. ಬರೀ ಲಾಂಛನ ಇದ್ದರೆ ಮೇಜರ್, ಜೊತೆಗೊಂದು ನಕ್ಷತ್ರ ಇದ್ದರೆ ಲೆಫ್ಟಿನೆಂಟ್ ಕರ್ನಲ್. ಎಸ್‌ಪಿಗೂ ಲೆಫ್ಟಿನೆಂಟ್ ಕರ್ನಲ್‌ಗೂ ಚಿಹ್ನೆ ಒಂದೇ ಆಯ್ತು, ಅಲ್ವಾ? ಆದರೆ ಇದನ್ನು ಹಿಡಿದುಕೊಂಡು ಇಬ್ಬರೂ ಸಮಾನರು ಅಂತ ವಾದಕ್ಕಿಳಿಯಬೇಡಿ. ಎರಡರ ಸೇವಾ ನಿಯಮಗಳೇ ಬೇರೆ. ಸೇನೆಯ ತುತ್ತತುದಿಯ ಫೀಲ್ಡ್ ಮಾರ್ಷಲ್ ಪದವಿ ಈವರೆಗೆ ಸಿಕ್ಕಿದ್ದು ಇಬ್ಬರಿಗೆ ಮಾತ್ರ. 1973ರಲ್ಲಿ ಮಾಣೆಕ್‌ ಷಾ ಅವರಿಗೆ, 1986ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪ ಅವರಿಗೆ.

ಇನ್ನು ಹೆಗಲ ಮೇಲೆ ನಕ್ಷತ್ರವೇ ಇಲ್ಲದವರು. ಠಾಣೆ ನಡೆಯುವುದೇ ಇವರಿಂದ. ಹೆಡ್ ಕಾನ್‌ಸ್ಟೆಬಲ್ ತೋಳಿಗೆ ಮೂರು ಪಟ್ಟಿ. ಹಳಬರು ಇವರನ್ನು ದಫೇದಾರ್ ಅಂತ ಕರೆಯುತ್ತಿದ್ದರು. ಕಾನ್‌ಸ್ಟೆಬಲ್‌ಗೆ ಪಟ್ಟಿಯೂ ಇಲ್ಲ. ಇವರನ್ನು ದೂರದಿಂದ ಗುರುತಿಸುತ್ತಿದ್ದದ್ದು ಒಂದು ಕಡೆ ಅಂಚು ಮಡಚಿದ ಸ್ಲೌಚ್ ಹ್ಯಾಟ್‌ನಿಂದ. ಲಾಠಿ ಬೀಸುವಾಗ, ಓಡುವಾಗ ಅದು ತಲೆ ಮೇಲೆ ನಿಲ್ಲುತ್ತಲೇ ಇರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಅದರ ಬದಲು ನೀಲಿ ಪೀಕ್ ಕ್ಯಾಪ್ ಬಂತು. ನನ್ನನ್ನು ಕೇಳಿದರೆ ಇದು ಎಂದೋ ಆಗಬೇಕಿತ್ತು.

ಈಗ ಕಳ್ಳರ ವಿಷಯ. ವಿಡಿಯೋ ಕಾಲ್‌ನಲ್ಲಿ ಸಮವಸ್ತ್ರ ಹಾಕಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸುವವರ ಸ್ಕ್ರೀನ್‌ಶಾಟ್‌ಗಳನ್ನು ಪರಿಚಯದವರು ನನಗೆ ಕಳಿಸುತ್ತಿರುತ್ತಾರೆ. ಒಂದರಲ್ಲಿ ಇನ್‌ಸ್ಪೆಕ್ಟರ್ ಅಂತ ಹೇಳಿಕೊಂಡವನ ಹೆಗಲ ಮೇಲೆ ಸಿಂಹದ ಲಾಂಛನವೂ ಇತ್ತು, ರಿಬ್ಬನ್ನೂ ಇತ್ತು, ಕೆಳಗೆ ಐಪಿಎಸ್ ಅಕ್ಷರವೂ ಇತ್ತು! ಲಾಂಛನದ ಜೊತೆ ರಿಬ್ಬನ್‌ನಂಥ ಪಟ್ಟಿ ಸೇನೆಯ ಸುಬೇದಾರ್ ಮೇಜರ್‌ಗೆ ಇರುತ್ತದೆ. ನಮ್ಮ ರಾಜ್ಯ ಪೊಲೀಸಿನಲ್ಲಿ ಇಂಥ ಜೋಡಿ ಇಲ್ಲ. ಐಪಿಎಸ್‌ನವರು ಇನ್‌ಸ್ಪೆಕ್ಟರ್ ಆಗಿರುವುದೂ ಇಲ್ಲ. ಆದರೆ ಚಿಹ್ನೆ ಸರಿ ಇದ್ದ ಮಾತ್ರಕ್ಕೆ ಮನುಷ್ಯ ಅಸಲಿ ಅಂತಲೂ ಅಲ್ಲ, ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. ಡಿಜಿಟಲ್ ಅರೆಸ್ಟ್ ಅನ್ನುವುದೇ ಕಾನೂನಿನಲ್ಲಿ ಇಲ್ಲ, ಆದ್ದರಿಂದ ಹೆಗಲು ನೋಡುತ್ತಾ ಕೂರದೆ ಫೋನ್ ಕಟ್ ಮಾಡಿ.

ಎದುರಿಗೇ ಬಂದು ಬಂಧಿಸುತ್ತೇವೆ ಅಂದರೆ ನಾಮಫಲಕ ನೋಡಿ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತೆ ಇರಲೇಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ ಹೇಳುತ್ತದೆ. ರೇನ್‌ಕೋಟ್, ಜಾಕೆಟ್ ಹಾಕಿ ಎಲ್ಲ ಮುಚ್ಚಿಕೊಂಡಿದ್ದರೆ "ಸರ್, ತಮ್ಮ ಹೆಸರು, ಯಾವ ಠಾಣೆ?" ಅಂತ ಕೇಳಿ. ಅನುಮಾನ ಬಂದರೆ 112ಕ್ಕೆ ಕರೆ ಮಾಡಿ.