ಚಾಕು ಹಿಡಿಯುವ ಮೊದಲು ಮಾರ್ಕರ್ ಪೆನ್ನು

ಸ್ತನ ಕ್ಯಾನ್ಸರ್ ಆಪರೇಷನ್ ದಿನ ಬೆಳಿಗ್ಗೆ ನಾನು ರೋಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮಾರ್ಕರ್ ಪೆನ್ನಿನಲ್ಲಿ ಎದೆಯ ಮೇಲೆ ಗೆರೆ ಹಾಕುತ್ತೇನೆ. ಸ್ತನದ ಕೆಳಗಿನ ಮಡಿಕೆ, ತೊಟ್ಟಿನ ಮಟ್ಟ, ಗಡ್ಡೆ ಇರುವ ಜಾಗ, ಕೊಯ್ಯಬೇಕಾದ ಗೆರೆ, ಎಲ್ಲವನ್ನೂ ಗುರುತು ಮಾಡುತ್ತೇನೆ. ಇದನ್ನು ನಿಂತಿದ್ದಾಗಲೇ ಮಾಡಬೇಕು. ಟೇಬಲ್ ಮೇಲೆ ಮಲಗಿಸಿದರೆ ಸ್ತನ ಪಕ್ಕಕ್ಕೆ ಜಾರುತ್ತದೆ, ಲೆಕ್ಕವೆಲ್ಲಾ ತಪ್ಪುತ್ತದೆ.

ಹೋದ ವರ್ಷ ಹೀಗೆ ಗೆರೆ ಹಾಕಿಸಿಕೊಳ್ಳುತ್ತಿದ್ದ ಅಂಗನವಾಡಿ ಶಿಕ್ಷಕಿಯೊಬ್ಬರು, "ಇಷ್ಟೊಂದು ಅಳತೆ ನಮ್ಮೂರ ಟೈಲರೂ ತಗೊಳಲ್ಲ ಮೇಡಂ" ಅಂದರು. ಮೊದಲ ಸಲ ಬಂದಾಗ ಅವರು ಬಾಯೇ ಬಿಟ್ಟಿರಲಿಲ್ಲ. ಜೊತೆಗೆ ಬಂದಿದ್ದ ಗಂಡ, ಅಣ್ಣ ಇಬ್ಬರದೂ ಒಂದೇ ಮಾತು: "ಪೂರ್ತಿ ತೆಗೆದುಬಿಡಿ ಮೇಡಂ, ಜೀವ ಉಳಿದರೆ ಸಾಕು." ಪ್ರೀತಿಯಿಂದ ಹೇಳಿದ ಮಾತೇ ಅದು. ಅವರು ಸ್ಕ್ಯಾನಿಂಗ್ ಬಿಲ್ ಕಟ್ಟಲು ಹೋದಾಗ ಈಕೆ ಸೆರಗು ಸರಿ ಮಾಡಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: "ಉಳಿಸೋಕೆ ಆಗೋದೇ ಇಲ್ವಾ?"

ಈ ಪ್ರಶ್ನೆ ಕೇಳಲು ಯಾವ ಹೆಣ್ಣುಮಗಳೂ ನಾಚಬೇಕಿಲ್ಲ. ಜಾಸ್ತಿ ತೆಗೆದಷ್ಟೂ ಒಳ್ಳೆಯದು ಅನ್ನುವುದು ಒಂದು ಕಾಲಕ್ಕೆ ಡಾಕ್ಟರುಗಳ ನಂಬಿಕೆಯೇ ಆಗಿತ್ತು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಸ್ನಾಯುವನ್ನೂ ಕಂಕುಳಿನ ಗಂಟುಗಳನ್ನೂ ತೆಗೆಯುತ್ತಿದ್ದರು. ದಶಕಗಳ ಕಾಲ ಅದೇ ದಾರಿ ನಡೆಯಿತು. 1970ರ ದಶಕದಲ್ಲಿ ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ಇದನ್ನು ಪರೀಕ್ಷೆಗೆ ಒಡ್ಡಿದರು. ಮಿಲಾನಿನಲ್ಲಿ 701 ಮಹಿಳೆಯರು, ಅಮೆರಿಕದಲ್ಲಿ 1,851 ಮಹಿಳೆಯರು. 20 ವರ್ಷಗಳ ಫಲಿತಾಂಶ 2002ರಲ್ಲಿ ಬಂತು. ಸ್ತನ ಉಳಿಸಿಕೊಂಡವರೂ ಪೂರ್ತಿ ತೆಗೆಸಿಕೊಂಡವರೂ ಬದುಕಿದ್ದು ಸರಿಸಮವಾಗಿ.

ಆದರೆ ಇದಕ್ಕೊಂದು ಷರತ್ತಿದೆ. ಗಡ್ಡೆ ತೆಗೆದ ಮೇಲೆ ರೇಡಿಯೇಷನ್, ಅಂದರೆ ನಮ್ಮ ಜನ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದು ಬೇಕು. ಫಿಷರ್ ಅವರ ಅಧ್ಯಯನದಲ್ಲಿ ರೇಡಿಯೇಷನ್ ಪಡೆಯದವರಲ್ಲಿ ನೂರಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ಕಾಯಿಲೆ ಮರಳಿತು. ಪಡೆದವರಲ್ಲಿ ಅದು 14.

ಜೀವದ ಪ್ರಶ್ನೆ ಬಗೆಹರಿಯಿತು. ಆಕಾರದ ಪ್ರಶ್ನೆ ಹಾಗೇ ಉಳಿಯಿತು. ಹಳೇ ಪದ್ಧತಿಯಲ್ಲಿ ಗಡ್ಡೆ ತೆಗೆದು ಮೇಲಿನ ಚರ್ಮಕ್ಕಷ್ಟೇ ಹೊಲಿಗೆ ಹಾಕುತ್ತಿದ್ದರು. ಒಳಗಿನ ಗುಳಿಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಮನೆಗೆ ಹೋಗುವ ದಿನ ಸ್ತನ ದುಂಡಗೇ ಕಾಣುತ್ತಿತ್ತು. ರೇಡಿಯೇಷನ್ ಮುಗಿದು ತಿಂಗಳುಗಳು ಕಳೆದಂತೆ ಆ ನೀರು ಇಂಗಿ, ಚರ್ಮ ಒಳಕ್ಕೆ ಕಚ್ಚಿಕೊಂಡು, ತೊಟ್ಟು ಒಂದು ಪಕ್ಕಕ್ಕೆ ವಾಲುತ್ತಿತ್ತು. ಕೆಳಭಾಗದ ಗಡ್ಡೆಗಳಲ್ಲಂತೂ ತೊಟ್ಟು ಹಕ್ಕಿಯ ಕೊಕ್ಕಿನ ಹಾಗೆ ಕೆಳಗೆ ಬಾಗುತ್ತಿತ್ತು. ಆಮೇಲೆ ಸರಿಪಡಿಸೋಣ ಅಂದರೆ ರೇಡಿಯೇಷನ್ ತಗುಲಿದ ಚರ್ಮ ಬಿರುಸಾಗಿರುತ್ತದೆ, ಗಾಯ ಬೇಗ ಮಾಯುವುದಿಲ್ಲ.

ಹಾಗಾಗಿ ಗುಳಿಯನ್ನು ಅದೇ ಆಪರೇಷನ್ನಿನಲ್ಲಿ ತುಂಬಬೇಕು. ಆಂಕೋಪ್ಲಾಸ್ಟಿಕ್ ಸರ್ಜರಿ ಅನ್ನುವುದು ಇದಕ್ಕೇ. ಸ್ತನದ ಐದನೇ ಒಂದು ಭಾಗದಷ್ಟು ತೆಗೆಯುವುದಾದರೆ ಅಕ್ಕಪಕ್ಕದ ಅಂಗಾಂಶವನ್ನು ಸಡಿಲಿಸಿ ಕೂಡಿಸಿದರೆ ಸಾಕಾಗುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಬೇರೆ ಯೋಜನೆ ಬೇಕು. ಸ್ತನ ದೊಡ್ಡದಿದ್ದರೆ ಗಡ್ಡೆಯ ಜೊತೆ ಸ್ತನವನ್ನೇ ಚಿಕ್ಕದು ಮಾಡಿ, ಇನ್ನೊಂದನ್ನೂ ಅದಕ್ಕೆ ಸರಿದೂಗಿಸುತ್ತೇವೆ. ಚಿಕ್ಕದಿದ್ದರೆ ಹೊರಗಿನಿಂದ ತಂದು ತುಂಬಬೇಕು.

ಶಿಕ್ಷಕಿಯ ಎಡ ಸ್ತನದಲ್ಲಿ, ಹೊರಗಡೆ ಕೆಳಭಾಗದಲ್ಲಿ, 4 ಸೆಂಟಿಮೀಟರ್ ಗಡ್ಡೆ ಇತ್ತು. ಸ್ತನ ಚಿಕ್ಕದು. ಗಡ್ಡೆ ಕುಗ್ಗಲಿ ಅಂತ ಮೊದಲು ಕೀಮೋ ಔಷಧಿ ಕೊಟ್ಟೆವು. ಕೀಮೋಗೆ ಮುಂಚೆಯೇ ಗಡ್ಡೆಯೊಳಗೆ ಎಳ್ಳಿನ ಕಾಳಿನಷ್ಟು ಚಿಕ್ಕ ಲೋಹದ ಕ್ಲಿಪ್ ಇಟ್ಟಿದ್ದೆವು. ಕೆಲವು ಸಲ ಗಡ್ಡೆ ಪೂರಾ ಕರಗಿಬಿಡುತ್ತದೆ, ಆಮೇಲೆ ಎಲ್ಲಿತ್ತು ಅಂತ ಹುಡುಕುವುದು ಕಷ್ಟ ಅಲ್ವಾ? ಅವರದು 2 ಸೆಂಟಿಮೀಟರಿಗೆ ಇಳಿಯಿತು. ಕಂಕುಳಿನ ಕೆಳಗೆ, ಬೆನ್ನಿನ ಕಡೆಗೆ ಇರುವ ಚರ್ಮ ಮತ್ತು ಕೊಬ್ಬನ್ನು ರಕ್ತನಾಳ ಕಡಿಯದ ಹಾಗೆ ತಿರುಗಿಸಿ ಗುಳಿ ತುಂಬಿದೆವು. ಕೊನೆಯ ಹೊಲಿಗೆಗೆ ಮುಂಚೆ ಟೇಬಲ್ಲಿನ ತಲೆಭಾಗ ಎತ್ತಿ, ಕೂತ ಭಂಗಿಯಲ್ಲಿ ಎರಡೂ ಕಡೆ ಹೊಂದುತ್ತದಾ ಅಂತ ಕಾಲಬುಡದಲ್ಲಿ ನಿಂತು ನೋಡಿದೆ.

ತೆಗೆದ ತುಂಡನ್ನು ಹಾಗೇ ಲ್ಯಾಬಿಗೆ ಕಳಿಸುವಂತಿಲ್ಲ. ಮೇಲ್ಗಡೆ ಗಿಡ್ಡ ದಾರ, ಹೊರಗಡೆ ಉದ್ದ ದಾರ ಕಟ್ಟುತ್ತೇನೆ. ಪೆಥಾಲಜಿಸ್ಟ್ ಆ ದಾರ ನೋಡಿ ದಿಕ್ಕು ತಿಳಿದು, ಹೊರಮೈಗೆಲ್ಲಾ ಶಾಯಿ ಬಳಿಯುತ್ತಾರೆ. ಶಾಯಿಯ ಮೇಲೆ ಕ್ಯಾನ್ಸರ್ ಕಣ ಇದ್ದರೆ ಆ ದಿಕ್ಕಿನಲ್ಲಿ ಇನ್ನಷ್ಟು ತೆಗೆಯಬೇಕು. ಎರಡನೇ ಆಪರೇಷನ್ ಬೇಕಾಗಬಹುದು ಅನ್ನುವುದನ್ನು ನಾನು ಮೊದಲೇ ಹೇಳಿಬಿಡುತ್ತೇನೆ.

ನನಗೆ ನಿಜವಾಗಿ ಸಂಕಟವಾಗುವುದು 'ಸುಮ್ನೆ ಕೊಬ್ಬಿನ ಗಂಟು' ಅಂತ ಎಲ್ಲೋ ತೆಗೆಸಿಕೊಂಡು ಬಂದವರನ್ನು ಕಂಡಾಗ. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡುವುದು, ಆಗಿರುವುದಿಲ್ಲ, ದಾರದ ಗುರುತಿಲ್ಲ, ಕೊಯ್ದ ಗೆರೆ ಬೇಡದ ಕಡೆ. ಸಣ್ಣ ಆಪರೇಷನ್ನಿನಲ್ಲಿ ಸ್ತನ ಉಳಿಯಬಹುದಾಗಿದ್ದವರಿಗೂ ಆಮೇಲೆ ಜಾಸ್ತಿ ತೆಗೆಯಬೇಕಾಗುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹಬ್ಬುತ್ತೆ ಅಂತ ಹೆದರಿ ಹೀಗೆ ಮಾಡುತ್ತಾರೆ. ದಯವಿಟ್ಟು ಹೆದರಬೇಡಿ, ಸೂಜಿ ಬಯಾಪ್ಸಿಯೇ ಮೊದಲ ಹೆಜ್ಜೆ ಆಗಬೇಕು.

ಎಲ್ಲರಿಗೂ ಉಳಿಸಲು ಆಗುವುದಿಲ್ಲ. ಸ್ತನವೆಲ್ಲಾ ಕೆಂಪಾಗಿ ಊದಿಕೊಳ್ಳುವ ಕ್ಯಾನ್ಸರ್, ಸ್ತನದ ತುಂಬಾ ಹರಡಿದ ಕಾಯಿಲೆ, ಅದೇ ಎದೆಗೆ ಹಿಂದೆ ರೇಡಿಯೇಷನ್ ಆಗಿರುವುದು, ಇಂಥ ಕಡೆ ಪೂರ್ತಿ ತೆಗೆಯುವುದೇ ಸರಿ. ಅವರಿಗೂ ಸ್ತನದ ಮರುರಚನೆಯ ದಾರಿ ಇದೆ. ಇನ್ನು ಕೆಲವರು ಪೂರ್ತಿ ತೆಗೆಸಿಕೊಳ್ಳುವುದು ರೇಡಿಯೇಷನ್ ಇರುವ ಊರಿನಲ್ಲಿ ವಾರಗಟ್ಟಲೆ ಉಳಿಯಲು ಆಗದೆ. ಈಗ ಬಹುತೇಕ 15 ಸಿಟ್ಟಿಂಗ್, ಮೂರು ವಾರ. ಕೆಲವರಿಗೆ 5 ಸಿಟ್ಟಿಂಗಿನಲ್ಲಿ ಒಂದೇ ವಾರಕ್ಕೆ ಮುಗಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ರೋಗಿಗಳಿಗೆ ಧರ್ಮಶಾಲೆಯೂ ಇದೆ. ಉಳಿಯುವ ಜಾಗವಿಲ್ಲ ಅನ್ನುವ ಒಂದೇ ಕಾರಣಕ್ಕೆ ಸ್ತನ ಹೋಗಬಾರದು, ಡಾಕ್ಟರ ಹತ್ತಿರ ಅದನ್ನೂ ಬಾಯಿಬಿಟ್ಟು ಹೇಳಿ.

ಶಿಕ್ಷಕಿ ಈಚೆಗೆ ಚೆಕಪ್ಪಿಗೆ ಬಂದಿದ್ದರು. ಕಂಕುಳಿನ ಪಕ್ಕದ ಗೆರೆ ರವಿಕೆಯೊಳಗೆ ಮುಚ್ಚಿಹೋಗಿದೆ, ಕೈ ಮೇಲಕ್ಕೆ ಸಲೀಸಾಗಿ ಏಳುತ್ತದೆ. "ಹಳೇ ಬ್ಲೌಸುಗಳೇ ಆಗ್ತಿವೆ ಮೇಡಂ, ಎಡಗಡೆ ಒಂಚೂರು ಸಡಿಲ ಅಷ್ಟೆ" ಅಂದರು. ವರ್ಷದ ಮ್ಯಾಮೋಗ್ರಾಂಗೆ, ಅಂದರೆ ಸ್ತನದ ಎಕ್ಸ್‌ರೇಗೆ, ಚೀಟಿ ಬರೆದುಕೊಟ್ಟೆ. ಈ ಸಲ ಅದನ್ನು ಗಂಡನ ಕೈಗೆ ಕೊಡದೆ ತಮ್ಮ ಚೀಲದಲ್ಲೇ ಇಟ್ಟುಕೊಂಡರು.