ಹೊಲದ ಯೂರಿಯಾ ಬಸ್ಸಿಗೆ ಬೇಡ

ಹೋದ ಬೇಸಿಗೆಯಲ್ಲಿ ಒಂದು ಶಾಲಾ ಬಸ್ ಬಳ್ಳಾರಿಯ ನಮ್ಮ ವರ್ಕ್‌ಶಾಪಿಗೆ ಬಂತು. ಪಿಕಪ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪ ಆರುತ್ತಿಲ್ಲ. ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಚಿಮ್ಮುವ, ಸೈಲೆನ್ಸರ್ ಕಡೆಯ ನಾಝಲ್ ಬಿಚ್ಚಿದೆ. ಅದರ ಬಾಯಿಗೆ ಸುಣ್ಣದಂಥ ಬಿಳಿ ಗಡ್ಡೆ ಕಟ್ಟಿತ್ತು. ಆ ದ್ರಾವಣದ ಟ್ಯಾಂಕಿನ ನೀಲಿ ಮುಚ್ಚಳ ತೆಗೆದು ಮೂಸಿದರೆ ಬೇವಿನೆಣ್ಣೆ ವಾಸನೆ.

ಡ್ರೈವರ್ ಏನೂ ಮುಚ್ಚಿಡಲಿಲ್ಲ. "ಗೊಬ್ಬರದ ಯೂರಿಯಾನ ನೀರಾಗ ಕರಗಿಸಿ ಹಾಕೀವ್ರಿ ಸರ. ಎರಡೂ ಯೂರಿಯಾನ ಅಲ್ಲೇನ್ರೀ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಸಿಂಧನೂರು, ಗಂಗಾವತಿ ಕಡೆಯ ಗಾಡಿಗಳಲ್ಲೂ ಇದೇ ಕತೆ. ಭತ್ತದ ಸೀಮೆ, ಚೀಲ ಮನೆಯಲ್ಲೇ ಇರುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ಡೀಸೆಲ್‌ನ ಗಂಧಕ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಯಿತು. ಡೀಸೆಲ್ಲೇ ಶುದ್ಧ ಆಯ್ತಲ್ಲ, ಈ ದ್ರಾವಣ ಇನ್ಯಾಕೆ ಅಂತಾರೆ ಮಾಲೀಕರು. ಆದರೆ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಹುಟ್ಟುವುದು ಗಾಳಿಯಿಂದ. ಇಂಜಿನ್ ಒಳಗಿನ ಸುಡು ಬಿಸಿಗೆ ಗಾಳಿಯ ನೈಟ್ರೋಜನ್, ಆಕ್ಸಿಜನ್ ಕೂಡಿಕೊಳ್ಳುತ್ತವೆ. ಎಷ್ಟೇ ಒಳ್ಳೆಯ ಡೀಸೆಲ್ ಹಾಕಿದರೂ ಇದು ತಪ್ಪಲ್ಲ. ಕಪ್ಪು ಹೊಗೆಯ ಹಾಗೆ ಕಣ್ಣಿಗೂ ಬೀಳಲ್ಲ. ನಮ್ಮ ಬಿಸಿಲಿಗೆ ಇದರಿಂದಲೇ ಓಝೋನ್ ಆಗುತ್ತದೆ. ಉಬ್ಬಸ ಇರುವ ಮಗುವಿಗೆ ಎರಡೂ ಕೆಟ್ಟದ್ದು, ಮತ್ತೆ ಆ ಬಸ್ಸಿನ ಹಿಂದೆ ನಿಲ್ಲುವುದು ಮಕ್ಕಳೇ ಅಲ್ವಾ?

ಅದನ್ನು ಹಿಡಿಯಲಿಕ್ಕೆ ಈ ದ್ರಾವಣ. ಬಿಸಿ ಹೊಗೆಗೆ ಬಿದ್ದ ಯೂರಿಯಾ ಅಮೋನಿಯಾ ಆಗುತ್ತದೆ. ಸೈಲೆನ್ಸರ್ ಕಡೆಯ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ನಡೆಸುವ ಭಾಗ) ಒಳಗೆ ಆ ಅಮೋನಿಯಾ, ನೈಟ್ರೋಜನ್ ಆಕ್ಸೈಡನ್ನು ಬರೀ ನೈಟ್ರೋಜನ್ ಮತ್ತು ನೀರಾಗಿ ಒಡೆಯುತ್ತದೆ.

ಒಬ್ಬ ಸಾವ್ಕಾರ್ರು ಮೀಟರ್ ಕೊಂಡು ತಂದು, ಮನೆಯ ಮಿಶ್ರಣದಲ್ಲಿ ಅದ್ದಿ ನನ್ನೆದುರೇ ತೋರಿಸಿದರು. ಸರಿಯಾಗಿ ಶೇಕಡಾ 32.5, ದ್ರಾವಣದಲ್ಲಿ ಇರಬೇಕಾದಷ್ಟೇ ಯೂರಿಯಾ. "ಈಗೇನಂತೀರಿ?" ಅಂದರು. ಸಾವ್ಕಾರ್ರೇ, ಆ ಮೀಟರ್ ಹೇಳುವುದು ದ್ರಾವಣ ಎಷ್ಟು ಗಟ್ಟಿ ಅಂತ. ಎಷ್ಟು ಶುದ್ಧ ಅಂತ ಅದಕ್ಕೆ ಗೊತ್ತಾಗಲ್ಲ. ಉಪ್ಪು ಕರಗಿಸಿದ ನೀರನ್ನೂ ಅದು ಗಟ್ಟಿ ಅಂತಲೇ ತೋರಿಸುತ್ತದೆ. ಗೊಬ್ಬರದಲ್ಲಿ ಬೇವಿನೆಣ್ಣೆ ಲೇಪ ಇದೆ, ಬೈಯುರೆಟ್ ಎಂಬ ಕಲ್ಮಶ ಜಾಸ್ತಿ ಇದೆ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಇದೆ. ಪೈರಿಗೆ ಇದರಿಂದ ತೊಂದರೆ ಇಲ್ಲ. ಕ್ಯಾಟಲಿಸ್ಟ್‌ಗೆ ಕೂತರೆ ಅದು ನಿಧಾನಕ್ಕೆ ಸಾಯುತ್ತದೆ. ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ, ಅದು ಬೇರೆ ಮಾತು.

ಎಲ್ಲ ಬಿಎಸ್6 ಗಾಡಿಗೂ ಈ ಟ್ಯಾಂಕ್ ಇರಲ್ಲ, ಕೆಲವು ಸಣ್ಣ ಇಂಜಿನ್‌ಗಳಿಗೆ ಬೇರೆ ವ್ಯವಸ್ಥೆ ಇದೆ. ನಿಮ್ಮ ಗಾಡಿಯ ಪುಸ್ತಕ ನೋಡಿ. ಒಳ್ಳೆಯ ದ್ರಾವಣವೂ ಬಿಸಿಗೆ ಕೆಡುತ್ತದೆ. ಕ್ಯಾನನ್ನು ತಗಡಿನ ಶೆಡ್ಡಿನಲ್ಲಿ ಇಡಬೇಡಿ, ನೆರಳಲ್ಲಿ ಇಡಿ.

ಗೊಬ್ಬರದ ನೀರು ಈಗಾಗಲೇ ಹಾಕಿದ್ದೀರಾ? ಕೀ ತಿರುಗಿಸಬೇಡಿ. ಪಂಪ್ ಒಮ್ಮೆ ಎಳೆದುಕೊಂಡರೆ ಪೈಪು, ನಾಝಲ್ ಎಲ್ಲ ತೊಳೆಯಬೇಕಾಗುತ್ತದೆ. ಗಾಡಿ ನಿಂತಲ್ಲೇ ಇರಲಿ, ಮೆಕ್ಯಾನಿಕ್‌ನನ್ನೇ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿ.